ಐಟಿಐ ಬೆಂಚಿನ ಹವಾಲ್ದಾರ

ಹೋದ ತಿಂಗಳು ಒಂದು ದಿನ ಕೊಳ್ಳೇಗಾಲದ ಐಟಿಐಗೆ ಹೋಗಿದ್ದೆ. ನನ್ನ ಅಂಗಡಿಯ ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಅರ್ಧ ಎಚ್‌ಪಿ ಮೋಟಾರೊಂದನ್ನು ಅಲ್ಲಿಗೆ ಕೊಟ್ಟರೆ, ಕಲಿಯುವವರು ಬಿಚ್ಚಿ ಕಟ್ಟಿ ಅಭ್ಯಾಸ ಮಾಡಿಕೊಳ್ಳುತ್ತಾರೆ ಎಂದು ಗೋಣಿಚೀಲದಲ್ಲಿ ಹಾಕಿಕೊಂಡು ಹೊರಟಿದ್ದೆ. ವರ್ಕ್‌ಶಾಪಿನ ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಹೊಸದಾಗಿ ಸುತ್ತಿದ ತಾಮ್ರದ ತಂತಿಯ ಮೇಲೆ ಸುರಿದು ಬಲ್ಬಿನ ಶಾಖದಲ್ಲಿ ಒಣಗಿಸುವ ವಾರ್ನಿಷ್ ಅದು. ನನ್ನ ಅಂಗಡಿಯಲ್ಲೂ ದಿನಾ ಅದೇ ವಾಸನೆ. ಆದರೆ ಅಲ್ಲಿ ಅದು ಒಗ್ಗಿಹೋಗಿ ಮೂಗಿಗೆ ತಿಳಿಯುವುದೇ ಇಲ್ಲ. ಇಲ್ಲಿ, ಆ ಉದ್ದನೆಯ ಬೆಂಚುಗಳ ನಡುವೆ ಬಂದಾಗ ಮಾತ್ರ ಹೆಗಲ ಮೇಲಿನ ಚೀಲವನ್ನು ಇಳಿಸುವುದನ್ನೂ ಮರೆತು ನಿಂತುಬಿಟ್ಟೆ. ಕಿಟಕಿಯ ಪಕ್ಕದ ಮೂರನೆಯ ಬೆಂಚು ನನ್ನದಾಗಿತ್ತು. ಈಗ ಅಲ್ಲಿ ಮೀಸೆ ಚಿಗುರುತ್ತಿದ್ದ ಇಬ್ಬರು ಹುಡುಗರು ನಿಂತು ಯಾವುದೋ ತಂತಿಗಾಗಿ ಜಗಳವಾಡುತ್ತಿದ್ದರು. ನಾನು ಆ ಬೆಂಚಿಗೆ ಬಂದಾಗ ನನ್ನ ಮೀಸೆಯಲ್ಲಿ ಆಗಲೇ ನಾಲ್ಕಾರು ಬಿಳಿ ಕೂದಲಿದ್ದವು.

ಹದಿನೇಳು ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರನಾಗಿ ಬಿಡುಗಡೆ ಪಡೆದು, ಊರು ಮಧುವನಹಳ್ಳಿಗೆ ವಾಪಸಾದಾಗ ನನಗೆ ಮೂವತ್ತೇಳು. ನಮ್ಮ ಕಡೆ ಮಿಲಿಟರಿಯಿಂದ ಬಂದವರಿಗೆ ದಾರಿ ಮೊದಲೇ ಗೊತ್ತುಮಾಡಿಟ್ಟಿರುತ್ತದೆ. ಬ್ಯಾಂಕಿನ ಬಾಗಿಲು, ಇಲ್ಲದಿದ್ದರೆ ಫ್ಯಾಕ್ಟರಿಯ ಗೇಟು. ನನ್ನ ಹೆಂಡತಿ ಮಾದೇವಿಯ ಅಣ್ಣ ಬಸವಣ್ಣ ಭಾವ ಕುಂತೂರಿನ ಕಡೆ ಓಡಾಡುವವರು. ಸಕ್ಕರೆ ಫ್ಯಾಕ್ಟರಿಯಲ್ಲಿ ಗೇಟಿನ ಕೆಲಸವೊಂದನ್ನು ನನಗಾಗಿ ಮಾತಾಡಿ ಇಟ್ಟಿದ್ದರು. ಕುರ್ಚಿ, ನೆರಳು, ಟೀ ಎಲ್ಲ ಇದೆ, ಬರುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಕೈ ತೋರಿಸಿದರಾಯಿತು ಎಂದರು. ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಂದು ವಾರ ಯೋಚಿಸಿ, ಬೇಡ, ನಾನು ಐಟಿಐಗೆ ಸೇರಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತೇನೆ ಎಂದೆ. ಭಾವ ತಂಗಿಯ ಕಡೆ ತಿರುಗಿ, ಬೆಟ್ಟದ ಮೇಲಿನ ಚಳಿಗೆ ತಲೆಗೇನಾದರೂ ಆಗಿದೆಯಾ ಎಂದು ಕೇಳಿದರು.

ಚಳಿಯ ಮಾತು ಪೂರ್ತಿ ಸುಳ್ಳಲ್ಲ. ನನಗೆ ಈ ಹುಚ್ಚು ಹತ್ತಿದ್ದು ಉತ್ತರದ ಒಂದು ಎತ್ತರದ ಪೋಸ್ಟಿನಲ್ಲಿ. ಒಮ್ಮೆ ಅಲ್ಲಿನ ಜನರೇಟರ್ ಕೆಟ್ಟು ಆರು ದಿನ ನಿಂತಿತ್ತು. ಹೀಟರಿಲ್ಲ, ಬೆಳಕಿಲ್ಲ, ರೇಡಿಯೊ ಸೆಟ್ಟಿನ ಬ್ಯಾಟರಿಗಳಿಗೆ ಚಾರ್ಜಿಲ್ಲ. ಏಳನೆಯ ದಿನ ಕೆಳಗಿನ ಕ್ಯಾಂಪಿನಿಂದ ಒಬ್ಬ ಸಣಕಲು ಮೆಕ್ಯಾನಿಕ್ ಒಂದು ಚೀಲ ಹೊತ್ತುಕೊಂಡು ಹಿಮದಲ್ಲಿ ನಡೆದು ಬಂದ. ಟೀ ಕೂಡ ಕುಡಿಯದೆ ಜನರೇಟರಿನ ಮುಂದೆ ಕೂತು, ಒಂದೊಂದೇ ತಂತಿ ಹಿಡಿದು ಮೀಟರಿಟ್ಟು ನೋಡುತ್ತ ಹೋದ. ಒಂದು ತಾಸಿನೊಳಗೆ ಅದು ಗುಡುಗಿತು. ಮೂವತ್ತು ಜನ ಅವನ ಸುತ್ತ ನಿಂತು, ದೇವರನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನು ಅಷ್ಟು ವರ್ಷ ಬಂದೂಕು ಹೊತ್ತಿದ್ದೆ. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕೆಟ್ಟದ್ದನ್ನು ನೆಟ್ಟಗೆ ಮಾಡುವ ಒಂದು ವಿದ್ಯೆ ಕೈಗೆ ಬೇಕು ಎಂದು ಅವತ್ತೇ ಅನ್ನಿಸಿತು.

ಅದೇ ಚಳಿಗಾಲ ನನಗೆ ಇನ್ನೊಂದನ್ನೂ ಕೊಟ್ಟಿತ್ತು. ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಹಿಮಕ್ಕೆ ಮರಗಟ್ಟಿ, ವಾಸಿಯಾದರೂ ಸ್ಪರ್ಶ ತಿಳಿಯದ ಹಾಗಾಗಿದ್ದವು. ನೋಡಲು ಏನೂ ಗೊತ್ತಾಗುವುದಿಲ್ಲ. ಅದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಐಟಿಐಯಲ್ಲಂತೂ ಬಾಯಿ ಬಿಡಲಿಲ್ಲ.

ಸೇರುವ ದಿನ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಮಗನನ್ನೂ ಕರೆದುಕೊಂಡು ಬರಬೇಕಿತ್ತು ಎಂದು ಕೌಂಟರಿನವರು ಹೇಳಿದರು. ಮಗನಲ್ಲ, ನಾನೇ ಎಂದೆ. ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೇನು ಮಾಡುವುದು. ನಮ್ಮ ಇನ್‌ಸ್ಟ್ರಕ್ಟರ್ ನಂಜುಂಡಸ್ವಾಮಿಯವರಿಗೆ ಆಗ ಮೂವತ್ತು ವರ್ಷವಿರಬಹುದು. ನನಗಿಂತ ಏಳು ವರ್ಷ ಚಿಕ್ಕವರು. ಅವರು ಒಳಗೆ ಬಂದಾಗಲೆಲ್ಲ ನನ್ನ ಕಾಲುಗಳು ತಾವಾಗಿಯೇ ಜೋಡಿಕೊಂಡು ನಾನು ಸೆಟೆದು ನಿಲ್ಲುತ್ತಿದ್ದೆ. ಅವರಿಗೆ ಅದರಿಂದ ಭಾರಿ ಸಂಕೋಚ. ಕೊನೆಗೆ ಒಂದು ದಿನ ಪಕ್ಕಕ್ಕೆ ಕರೆದು, ನೀವು ಹೀಗೆ ನಿಂತರೆ ನನಗೆ ಪಾಠ ಮರೆತುಹೋಗುತ್ತದೆ ಎಂದು ಬೇಡಿಕೊಂಡರು. ಆಮೇಲೆ ಪ್ರಯತ್ನಪಟ್ಟು ಸಡಿಲವಾಗಿ ನಿಲ್ಲುವುದನ್ನು ಕಲಿತೆ. ಐಟಿಐಯಲ್ಲಿ ನಾನು ಕಲಿತ ಮೊದಲ ವಿದ್ಯೆ ಅದು.

ಮನೆಯಲ್ಲಿ ಮಾದೇವಿಯದು ಬೇರೆ ಕಷ್ಟ. ನಮ್ಮ ಮಗಳು ಆಗ ಏಳನೆಯ ಕ್ಲಾಸು. ಬೆಳಿಗ್ಗೆ ಅವಳದ್ದೊಂದು ಬ್ಯಾಗು, ನನ್ನದೊಂದು ಬ್ಯಾಗು. ಇಬ್ಬರಿಗೂ ಡಬ್ಬಿ ಕಟ್ಟುತ್ತ ಅವಳು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ನೀವೋಗಿ ಐಕ್ಳ ಜೊತ್ಗೆ ಬೆಂಚ್ ಮ್ಯಾಲ್ ಕೂತ್ಕಂಡ್ರೆ, ನಾನ್ ನಲ್ಲಿತಾವ ನಾಕ್ ಜನದ್ ಮುಂದೆ ಎಂಗೆ ತಲೆಯೆತ್ತದು ಏಳಿ.”

ಕೋಪದಲ್ಲಿ ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ಯಾರಾದರೂ ಕೇಳಿದರೆ ಅವಳು, ಅವರು ಇನ್ನೂ ಮಿಲಿಟರಿಯಲ್ಲೇ ಇದ್ದಾರೆ, ರಜಕ್ಕೆ ಬಂದಿದ್ದಾರೆ ಎನ್ನುತ್ತಿದ್ದಳಂತೆ. ಅಷ್ಟು ಉದ್ದದ ರಜವನ್ನು ಯಾವ ಸೈನ್ಯವೂ ಕೊಡುವುದಿಲ್ಲ.

ಮೊದಲನೆಯ ವರ್ಷ ಫೈಲು ಉಜ್ಜುವುದು, ತಂತಿ ಜೋಡಿಸುವುದು, ಬೋರ್ಡು ಕೂರಿಸುವುದು ಇವುಗಳಲ್ಲಿ ಹೇಗೋ ಕಳೆಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿ ಇಪ್ಪತ್ತು ವರ್ಷವಾಗಿದ್ದವನಿಗೆ ಲೆಕ್ಕ ಮಾತ್ರ ಕಬ್ಬಿಣದ ಕಡಲೆ. ನಾನು ನೆನೆಸಿಕೊಳ್ಳುವುದು ಎರಡನೆಯ ವರ್ಷವನ್ನು. ಮೋಟಾರುಗಳ ವರ್ಷ ಅದು. ಇಬ್ಬಿಬ್ಬರನ್ನು ಒಂದೊಂದು ಬೆಂಚಿಗೆ ಹಾಕಿದಾಗ ನನ್ನ ಜೊತೆಗೆ ಬಂದವಳು ಬಿಂದು.

ಬಿಂದು ಯಳಂದೂರಿನ ಹತ್ತಿರದ ಹಳ್ಳಿಯವಳು. ಇಡೀ ಬ್ಯಾಚಿಗೆ ಒಬ್ಬಳೇ ಹುಡುಗಿ. ಹತ್ತೊಂಬತ್ತು ವರ್ಷ. ಸಣ್ಣ ಮೈ, ಕಡಿಮೆ ಮಾತು. ಆದರೆ ಅವಳ ಬೆರಳುಗಳು ತಂತಿಯ ಮೇಲೆ ಓಡಾಡುವುದನ್ನು ನೋಡಬೇಕಿತ್ತು. ಮಲ್ಲಿಗೆ ಕಟ್ಟುವವರ ಬೆರಳಿನ ಹಾಗೆ. ಕೇಳಿದರೆ, ಅವರಮ್ಮ ಹೂ ಕಟ್ಟುವವರೇ, ಇವಳೂ ಚಿಕ್ಕಂದಿನಿಂದ ಕಟ್ಟಿದವಳು. ಹದಿನೇಳು ವರ್ಷ ಬರೀ ಗಂಡಸರ ನಡುವೆ ಬದುಕಿದ್ದ ನನಗೆ ಮೊದಲ ವಾರ ಅವಳ ಪಕ್ಕದಲ್ಲಿ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳೋ ನನ್ನನ್ನು ಎಲ್ಲರ ಹಾಗೆ ಮಿಲಿಟ್ರಿ ಅಣ್ಣ ಎಂದು ಕರೆದು, ಅಲ್ಲಿ ಹಿಡ್ಕಳಿ, ಇಲ್ಲಿ ಬಿಡಿ ಎಂದು ಮೆಲ್ಲಗೆ ಕೆಲಸ ಹಚ್ಚಿಬಿಟ್ಟಳು. ಊಟದ ಹೊತ್ತಿನಲ್ಲಿ ಲೆಕ್ಕವನ್ನೂ ಅವಳೇ ಹೇಳಿಕೊಡುತ್ತಿದ್ದಳು.

ಅದಕ್ಕೆ ಪ್ರತಿಯಾಗಿ ಅವಳು ಒಂದನ್ನು ಕೇಳಿದಳು. ಅವಳಿಗೆ ಲೈನಿನ ಕೆಲಸಕ್ಕೆ, ಕಂಬ ಹತ್ತಿ ತಂತಿ ನೋಡುವ ಕೆಲಸಕ್ಕೆ ಸೇರುವ ಆಸೆ. ಆ ಆಯ್ಕೆಯಲ್ಲಿ ಓಡಿಸುತ್ತಾರೆ, ಕಬ್ಬಿಣದ ಗುಂಡು ಎಸೆಯಲು ಹೇಳುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಕರೆಂಟು ಕಂಬ ಹತ್ತಿಸುತ್ತಾರೆ. ಮಿಲಿಟರಿಯಲ್ಲಿ ಹಗ್ಗ ಹತ್ತಿದವರು ನೀವು, ನನಗೆ ಕಂಬ ಹತ್ತುವುದನ್ನು ಹೇಳಿಕೊಡಿ ಎಂದಳು. ಆ ಸೆಪ್ಟೆಂಬರಿನಿಂದ ಕ್ಲಾಸಿಗೆ ಒಂದು ತಾಸು ಮೊದಲು ನಮ್ಮ ಪರೇಡು ಶುರುವಾಯಿತು. ಯಳಂದೂರಿನಿಂದ ಮೊದಲ ಬಸ್ಸಿಗೆ ಅವಳು, ಮಧುವನಹಳ್ಳಿಯಿಂದ ಸೈಕಲ್ಲಿನಲ್ಲಿ ನಾನು. ಮೈದಾನದ ಬದಿಯಲ್ಲಿ ಅಭ್ಯಾಸಕ್ಕೆಂದೇ ನೆಟ್ಟ ಒಂದು ಕಂಬವಿತ್ತು. ನಾಲ್ಕೇ ದಿನಕ್ಕೆ ಅರ್ಧ ಬ್ಯಾಚು ಬಂದು ಸೇರಿಕೊಂಡಿತು.

ಅವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವನು ಮಣಿ. ರಾಮಾಪುರದಾಚೆ ಕಾಡಿನಂಚಿನ ಹಳ್ಳಿಯವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಎರಡನ್ನೂ ಒಂದೇ ಉಸಿರಿಗೆ ಆಡುವವನು. ಮಳೆ ಬಂದು ನೆಂದಿದ್ದ ಕಂಬಕ್ಕೆ ಅವನು ಮೊದಲ ದಿನ ಭಾರಿ ಧೈರ್ಯದಿಂದ ಹಾರಿ ತಬ್ಬಿಕೊಂಡ. ನಾಲ್ಕಡಿ ಹೋದ. ಅಲ್ಲಿಂದ ಬೆಣ್ಣೆಯ ಮೇಲೆ ಜಾರಿದ ಹಾಗೆ ಸಾವಕಾಶವಾಗಿ ಕೆಳಗಿಳಿದು, ಕಂಬವನ್ನು ತಬ್ಬಿಕೊಂಡೇ ನೆಲದ ಮೇಲೆ ಕೂತ. ಬಿಂದು ಆರು ವಾರ ಅರ್ಧದಲ್ಲೇ ನಿಲ್ಲುತ್ತಿದ್ದಳು. ಕೈಯಿಂದ ಎಳೆದುಕೊಳ್ಳಲು ನೋಡುತ್ತಿದ್ದಳು. ಕಾಲಿನಿಂದ ತಳ್ಳಬೇಕು, ಕೈ ಬರೀ ಹಿಡಿದಿರಬೇಕು ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ. ದೀಪಾವಳಿಯ ರಜ ಮುಗಿಸಿ ಬಂದ ಬೆಳಿಗ್ಗೆ ಅವಳು ಬ್ಯಾಗನ್ನು ನನ್ನ ಕೈಗೆ ಕೊಟ್ಟು, ತುದಿ ಮುಟ್ಟಿಯೇ ಇಳಿದಳು. ರಜದಲ್ಲಿ ಊರಿನ ತೋಟದ ತೆಂಗಿನ ಮರದಲ್ಲಿ ಅಭ್ಯಾಸ ಮಾಡಿದ್ದಳಂತೆ. ಅವರಮ್ಮ ಕೆಳಗೆ ನಿಂತು ಬೈಯುತ್ತಲೇ ಮಗಳ ಚಪ್ಪಲಿ ಕಾದಿದ್ದರಂತೆ.

ಅಷ್ಟರಲ್ಲಿ ನನ್ನ ಗುಟ್ಟು ಬಯಲಾಗಿತ್ತು. ಅಕ್ಟೋಬರಿನ ಒಂದು ಮಧ್ಯಾಹ್ನ, ಹೊರಗೆ ಜೋರು ಮಳೆ. ನಾವು ತಂತಿಯ ಕೊನೆಗಳನ್ನು ಬೆಸುಗೆ ಹಾಕುತ್ತಿದ್ದೆವು. ಬಲಗೈಯಲ್ಲಿ ಕಾದ ಸಾಲ್ಡರಿಂಗ್ ಐರನ್, ಎಡಗೈಯಲ್ಲಿ ತಂತಿ. ಏನೋ ಸುಟ್ಟ ವಾಸನೆ ಬಂತು. ಯಾರ ಬೆಂಚಿನಲ್ಲಿ ಏನು ಸುಡುತ್ತಿದೆ ಎಂದು ನಾನು ತಲೆಯೆತ್ತಿ ನೋಡುತ್ತಿದ್ದೆ. ಬಿಂದು ಚಟ್ಟನೆ ನನ್ನ ಎಡಗೈಯನ್ನು ಹಿಂದಕ್ಕೆಳೆದಳು. ಐರನ್ನಿನ ತುದಿ ನನ್ನ ತೋರುಬೆರಳಿಗೆ ಒತ್ತಿಕೊಂಡಿತ್ತು. ಚರ್ಮ ಸುಟ್ಟು ಬೊಬ್ಬೆಯಾಗುತ್ತಿದ್ದರೂ ನನಗೆ ತಿಳಿದಿರಲಿಲ್ಲ. ಅವಳು ಬೆರಳನ್ನೂ ನನ್ನ ಮುಖವನ್ನೂ ನೋಡಿದಳು. ನಾನು ಕೂಗಲಿಲ್ಲ ಎಂಬುದೇ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿತು.

ನಂಜುಂಡಸ್ವಾಮಿಯವರು ಮುಲಾಮು ಹಚ್ಚಿ, ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರೆಂಟಿನ ಕೆಲಸದಲ್ಲಿ ಬೆರಳಿಗೆ ಸ್ಪರ್ಶವಿಲ್ಲದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾಳೆಯಿಂದ ಕುಂತೂರಿನ ಗೇಟು, ಕುರ್ಚಿ, ನೆರಳು ಎಂದು ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. ಆಮೇಲೆ ಹೇಳಿದರು:

“ನೋಡಿ ಸಿದ್ದರಾಜಣ್ಣ, ಈ ಕೆಲಸದಲ್ಲಿ ಸತ್ತೋರೆಲ್ಲ ಬೆರಳು ಚೆನ್ನಾಗಿದ್ದೋರೇ. ಮುಟ್ಟಿ ನೋಡೋಣ ಅಂತ ಹೋಗಿ ಸತ್ತೋರು. ಮುಟ್ಟೋ ಮುಂಚೆ ಟೆಸ್ಟ್ ಮಾಡೋನೇ ಎಲೆಕ್ಟ್ರಿಷಿಯನ್. ನಿಮಗೆ ಆ ಅಭ್ಯಾಸ ಬೇರೆಯೋರಿಗಿಂತ ಜಾಸ್ತಿ ಬೇಕು, ಅಷ್ಟೇ.”

ಮಾರನೆಯ ದಿನದಿಂದ ಅವರು ನನ್ನನ್ನು ಬಿಡಲಿಲ್ಲ. ಸಣ್ಣ ತಂತಿಯನ್ನು ಎಡಗೈಯ ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಹಿಡಿಯುವುದನ್ನು ಕಲಿಸಿದರು. ಬಿಸಿಯ ಕೆಲಸಕ್ಕೆ ಯಾವಾಗಲೂ ಇಕ್ಕಳ. ಯಾವ ಬೋರ್ಡಿಗೇ ಆಗಲಿ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಮೂರೂ ಫೇಸಿಗೆ ಟೆಸ್ಟರ್ ಇಟ್ಟು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ನಾನು ರೈಫಲ್ ಡ್ರಿಲ್ಲಿನ ಹಾಗೆ ಹೇಳುತ್ತಿದ್ದೆ: ಒಂದು, ಇಲ್ಲ, ಎರಡು, ಇಲ್ಲ, ಮೂರು, ಇಲ್ಲ. ಸ್ವಲ್ಪ ದಿನಕ್ಕೆ ಇಡೀ ಬ್ಯಾಚು ಅದನ್ನು ಹಾಗೇ ಹೇಳತೊಡಗಿತು.

ಡಿಸೆಂಬರ್ ಬಂತು. ಬೆಳಗಿನ ಇಬ್ಬನಿ, ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಅವುಗಳ ಹಿಂದೆ ಸಿಕ್ಕಿಕೊಂಡು ಬಿಂದುವಿನ ಬಸ್ಸು ದಿನಾ ತಡ. ಹನೂರಿನ ಕಡೆ ರಾಗಿ ಕೊಯ್ಲು ಮುಗಿದು ಒಕ್ಕಣೆ ನಡೆದಿತ್ತು. ಒಂದು ಸೋಮವಾರ ಮಣಿ ಮುಖ ಸಪ್ಪೆ ಮಾಡಿಕೊಂಡು ಬಂದ. ಅವರ ಊರಿಗೆಲ್ಲ ಇರುವುದು ಅವನ ಸೋದರತ್ತೆ ಪಳನಿಯಮ್ಮನದೊಂದೇ ರಾಗಿ ಮಿಲ್ಲು. ಮೂರು ಫೇಸಿನಲ್ಲಿ ಒಂದು ಹೋಗಿದ್ದನ್ನು ಗಮನಿಸದೆ ಓಡಿಸಿ ಅದರ ಮೋಟಾರು ಸುಟ್ಟುಹೋಗಿತ್ತು. ರಿಪೇರಿ ಅಂಗಡಿಗಳಲ್ಲೆಲ್ಲ ಪಂಪ್‌ಸೆಟ್ಟುಗಳ ರಾಶಿ. ಎರಡು ಮೂರು ವಾರವಾಗುತ್ತದೆ ಎಂದಿದ್ದರು. ಹೊಸ ರಾಗಿ ಮನೆಮನೆಯಲ್ಲಿ ತುಂಬಿದೆ, ಹಿಟ್ಟಿಗೆ ಮಾತ್ರ ಜನ ಮೂಟೆ ಹೊತ್ತುಕೊಂಡು ಹನೂರಿನ ಬಸ್ಸು ಹತ್ತುತ್ತಿದ್ದಾರೆ ಎಂದ. ಆ ಮಿಲ್ಲಿನ ಗಳಿಕೆಯಲ್ಲೇ ಬದುಕುವ ಅತ್ತೆ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದೂ ಹೇಳಿದ.

ನಂಜುಂಡಸ್ವಾಮಿಯವರು ಪ್ರಿನ್ಸಿಪಾಲರ ಒಪ್ಪಿಗೆ ತಂದರು. ಮೋಟಾರನ್ನು ಇಲ್ಲಿಗೆ ತನ್ನಿ, ಇದೇ ನಿಮ್ಮ ಪ್ರಾಕ್ಟಿಕಲ್ ಎಂದರು. ಆಮೇಲೆ ಎಲ್ಲರ ಮುಂದೆ ಅದನ್ನು ಮೂರನೆಯ ಬೆಂಚಿಗೆ ಕೊಟ್ಟರು. ನನಗೆ ಮತ್ತು ಬಿಂದುವಿಗೆ.

ಸುಟ್ಟ ಮೋಟಾರು ಬಿಚ್ಚುವುದೆಂದರೆ ಹೆಣ ಕೊಯ್ದು ನೋಡಿದ ಹಾಗೆ. ಕರಕಲು ತಂತಿಯನ್ನು ಕತ್ತರಿಸಿ ಎಳೆಯಬೇಕು, ಒಂದು ಸುರುಳಿಯಲ್ಲಿ ಎಷ್ಟು ಸುತ್ತು ಎಂದು ಎಣಿಸಬೇಕು, ಯಾವ ಸುರುಳಿ ಯಾವ ಸಂದಿನಿಂದ ಯಾವ ಸಂದಿಗೆ ಹೋಗಿದೆ ಎಂದು ಬರೆದುಕೊಳ್ಳಬೇಕು. ಮೂವತ್ತಾರು ಸಂದುಗಳು. ಒಂದೊಂದಕ್ಕೂ ಕಾಗದದ ಹಾಸು ಹಾಕಿ, ಹೊಸ ತಂತಿಯನ್ನು ನಾಲ್ಕು ನಾಲ್ಕು ಎಳೆಯಾಗಿ ಕೂರಿಸಿ, ಮೇಲೆ ಬಿದಿರಿನ ಸೀಳು ಬಡಿಯಬೇಕು. ನಾಲ್ಕು ದಿನ ನಾವಿಬ್ಬರೂ ಊಟಕ್ಕೂ ಸರಿಯಾಗಿ ಏಳಲಿಲ್ಲ. ಕೂರಿಸುವುದು ಅವಳು, ಬಡಿಯುವುದು ಮತ್ತು ಕೊನೆಗಳನ್ನು ಜೋಡಿಸುವುದು ನಾನು. ನನ್ನ ನೋಟ್‌ಬುಕ್ಕಿನ ಚಿತ್ರ ನೋಡಿಕೊಂಡು ನಾನೇ ಎಲ್ಲ ಜೋಡಣೆಯನ್ನೂ ಮಾಡಿ ಮುಗಿಸಿದಾಗ ನನ್ನೊಳಗೆ ಒಬ್ಬ ಜನರಲ್ ಹುಟ್ಟಿಕೊಂಡಿದ್ದ.

ವಾರ್ನಿಷ್ ಸುರಿಯುವ ಮೊದಲು ಒಮ್ಮೆ ಓಡಿಸಿ ನೋಡುವುದು ಪದ್ಧತಿ. ಎಲ್ಲ ಬೆಂಚಿನವರೂ ಬಂದು ಸುತ್ತ ನಿಂತರು. ನಂಜುಂಡಸ್ವಾಮಿಯವರು ಸ್ವಿಚ್ ಹಾಕಿದರು. ಮೋಟಾರು ತಿರುಗಲಿಲ್ಲ. ಗೊಂಯ್ ಎಂದು ಹೂಂಕರಿಸಿ ಬೆಂಚಿನ ಮೇಲೆ ಗಡಗಡ ನಡುಗಿತು. ಅವರು ತಕ್ಷಣ ಆರಿಸಿದರು. ಬಗ್ಗಿ ಎರಡು ನಿಮಿಷ ನೋಡಿ, ಒಂದು ಗುಂಪಿನ ಸುರುಳಿಗಳು ತಲೆಕೆಳಗಾಗಿ ಸೇರಿವೆ, ಇದನ್ನು ಜೋಡಿಸಿದವರು ಯಾರು ಎಂದು ಕೇಳಿದರು. ನಾನೇ ಸಾರ್, ತಪ್ಪು ನನ್ನದೇ ಎಂದೆ. ಕಿವಿ ಬಿಸಿಯಾಗಿತ್ತು. ಮಣಿಯ ಮುಖ ನೋಡಲು ಧೈರ್ಯವಾಗಲಿಲ್ಲ.

ಎಲ್ಲರೂ ಹೋದ ಮೇಲೆ ಬಿಂದು ಬೆಂಚಿನ ಆಚೆ ನಿಂತು, ತಲೆ ತಗ್ಗಿಸಿಕೊಂಡು ಹೇಳಿದಳು.

“ನೀವ್ ಜೋಡುಸ್ತಿದ್ದಾಗ್ಲೇ ನಂಗೆ ಅನುಮಾನ ಬಂದಿತ್ತು ಕಣಣ್ಣ. ದೊಡ್ಡೋರ್ಗೆ ಎಂಗೆ ಏಳದು ಅಂತ ಸುಮ್ನಾಗ್ಬುಟ್ಟಿ.”

ಆ ಮಾತು ಮೋಟಾರಿನ ಹೂಂಕಾರಕ್ಕಿಂತ ಜೋರಾಗಿ ನನಗೆ ತಾಗಿತು. ನನ್ನ ಬಿಳಿ ಕೂದಲಿಗೆ ಕೊಟ್ಟ ಮರ್ಯಾದೆಯಿಂದ ಒಂದು ಊರಿಗೆ ಇನ್ನೂ ಒಂದು ದಿನ ಹಿಟ್ಟಿಲ್ಲ. ನಾನು ಅವಳಿಗೆ ಹೇಳಿದೆ: “ಮಿಲಿಟ್ರೀಲಿ ವಯಸ್ಸಿಗೆ ಸಲ್ಯೂಟ್ ಇಲ್ಲ ಕಣವ್ವಾ, ರ‍್ಯಾಂಕಿಗೆ. ಈ ಬೆಂಚಲ್ಲಿ ನೀನ್ ಸೀನಿಯರ್. ಇನ್ಮ್ಯಾಕೆ ತಪ್ ಕಂಡ್ರೆ ಅಲ್ಲೇ ಏಳ್ಬೇಕು, ಇದು ಆರ್ಡರ್.”

ಅವಳು ಮೊದಲ ಸಲ ಜೋರಾಗಿ ನಕ್ಕಳು. ಹಾಗಾದರೆ ಮೊದಲು ಆ ನೋಟ್‌ಬುಕ್ಕು ಮುಚ್ಚಿಡಿ, ಚಿತ್ರವನ್ನೇ ತಲೆಕೆಳಗಾಗಿ ಬರೆದಿದ್ದೀರಿ ಎಂದಳು. ನಿಜವಾಗಿಯೂ ಹಾಗೇ ಬರೆದಿದ್ದೆ. ಆ ದಿನವೇ ಬಿಚ್ಚಿ ಮತ್ತೆ ಜೋಡಿಸಿದೆವು. ನಾನು ಒಂದು ತಂತಿ ಹಿಡಿದರೆ ಅವಳು ಹೂಂ ಎನ್ನುವವರೆಗೆ ತಿರುಚುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಮೋಟಾರು ಸದ್ದಿಲ್ಲದೆ ತಿರುಗಿತು. ವಾರ್ನಿಷ್ ಸುರಿದು, ಡಬ್ಬದೊಳಗೆ ಬಲ್ಬು ಉರಿಸಿ ಎರಡು ದಿನ ಒಣಗಿಸಿದೆವು.

ಭಾನುವಾರ ಅದನ್ನು ಕೂರಿಸಲು ಹೊರಡುವಾಗ ಮಾದೇವಿ ತಾನೂ ಬರುತ್ತೇನೆ ಎಂದಳು. ಯಾಕೆ ಎಂದರೆ, ಸುಮ್ಮನೆ ಎಂದಳು. ನಾನು ಇಷ್ಟು ದಿನ ನಿಜವಾಗಿಯೂ ಏನು ಮಾಡುತ್ತಿದ್ದೇನೆ ಎಂದು ಕಣ್ಣಾರೆ ನೋಡಬೇಕಿತ್ತೋ ಏನೋ. ಮಗಳನ್ನು ಅವರಜ್ಜಿಯ ಹತ್ತಿರ ಬಿಟ್ಟು, ಮೋಟಾರನ್ನು ಬಸ್ಸಿನಲ್ಲಿ ಹಾಕಿಕೊಂಡು ಹೊರಟೆವು. ಹನೂರು ದಾಟಿ ರಾಮಾಪುರದಲ್ಲಿ ಇಳಿದು, ಅಲ್ಲಿಂದ ಮಣಿ ತಂದ ಎತ್ತಿನ ಗಾಡಿಯಲ್ಲಿ ಅವನ ಊರಿಗೆ. ನಂಜುಂಡಸ್ವಾಮಿಯವರೂ ಬಿಂದುವೂ ಮೊದಲೇ ಬಂದಿದ್ದರು. ಮಿಲ್ಲಿನ ಮುಂದೆ ರಾಗಿ ಮೂಟೆ, ಪುಟ್ಟಿ, ಬಕೆಟ್ಟುಗಳ ಸಾಲು. ಹೆಂಗಸರು ಜಗುಲಿಯ ತುಂಬ. ಮೋಟಾರು ಬರುತ್ತದೆಂಬ ಸುದ್ದಿ ನಮಗಿಂತ ಮೊದಲೇ ತಲುಪಿತ್ತು.

ಮೇನ್ ಆಫ್ ಮಾಡಿದೆ. ಒಂದು, ಇಲ್ಲ, ಎರಡು, ಇಲ್ಲ, ಮೂರು, ಇಲ್ಲ. ಬೋಲ್ಟು ಬಿಗಿದು, ತಂತಿ ಸೇರಿಸಿ, ಬೆಲ್ಟು ಏರಿಸಿದೆವು. ಬಿಂದು ಹೂಂ ಎಂದಳು. ಸ್ವಿಚ್ ಹಾಕಿದೆ. ಮೋಟಾರು ಹೊಸ ಮದುವಣಿಗನ ಹಾಗೆ ಓಡತೊಡಗಿತು. ಜಗುಲಿಯವರೆಲ್ಲ ಎದ್ದು ನಿಂತರು. ಆದರೆ ಪಳನಿಯಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಬೆಲ್ಟನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಆ ಮಿಲ್ಲು ನಡೆಸಿದವರು.

“ಏನ್ ಸಾಮಿ, ಇದು ಇಂದ್ಕೆ ತಿರುಗ್ತದಲ್ಲಾ. ಹಿಟ್ಟ ಸುರುದ್ರೆ ರಾಗಿ ಬರ‍್ತದಾ?” ಎಂದರು.

ಇಡೀ ಊರು ನಕ್ಕಿತು. ಬೆಲ್ಟು ನಿಜಕ್ಕೂ ಉಲ್ಟಾ ಓಡುತ್ತಿತ್ತು. ಮೂರು ತಂತಿಗಳ ಸರದಿ ಇಲ್ಲಿ ಬೇರೆಯಾಗಿದ್ದರೆ ಹಾಗಾಗುತ್ತದೆ. ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಮುಗಿಯಿತು, ಪುಸ್ತಕದಲ್ಲಿ ಓದಿದ್ದೆವು. ಹೋದ ವಾರವಾಗಿದ್ದರೆ ನನ್ನ ಕಿವಿ ಮತ್ತೆ ಬಿಸಿಯಾಗುತ್ತಿತ್ತು. ಅವತ್ತು ಮಾತ್ರ ನನಗೂ ನಗು ಬಂತು. ಮೇನ್ ಆರಿಸಿ, ಪರೀಕ್ಷಿಸಿ, ಎರಡು ತಂತಿ ಬದಲಿಸಿ, ಸ್ವಿಚ್ ಹಾಕುವ ಮೊದಲು ಮೋಟಾರಿನ ಮುಂದೆ ಸೆಟೆದು ನಿಂತು, ಪರೇಡು ಮೈದಾನದ ದನಿಯಲ್ಲಿ “ಪೀಛೇ ಮುಡ್”, ಹಿಂದಕ್ಕೆ ತಿರುಗು, ಎಂದು ಕೂಗಿದೆ. ಮೋಟಾರು ಆಜ್ಞೆ ಪಾಲಿಸಿತು. ಮಣಿ ನೆಲದ ಮೇಲೆ ಕೂತು ನಕ್ಕ. ನಂಜುಂಡಸ್ವಾಮಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೊದಲ ಪುಟ್ಟಿ ರಾಗಿಯನ್ನು ಪಳನಿಯಮ್ಮನೇ ಸುರಿದರು. ಹಿಟ್ಟು ಬೀಳತೊಡಗಿದಾಗ ಜಗುಲಿಯವರು ಒಬ್ಬೊಬ್ಬರೇ ಬಂದು ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಸಂಜೆಯವರೆಗೆ ಮಿಲ್ಲು ನಿಲ್ಲಲಿಲ್ಲ. ನಾನು ಆಗಾಗ ಮೋಟಾರಿನ ಮೈ ಬಿಸಿ ನೋಡುತ್ತ, ಮೀಟರಿಟ್ಟು ಕರೆಂಟು ಅಳೆಯುತ್ತ ಅಲ್ಲೇ ಕೂತಿದ್ದೆ. ಒಮ್ಮೆ ತಿರುಗಿ ನೋಡಿದರೆ ಮಾದೇವಿ ಸೆರಗು ಸಿಕ್ಕಿಸಿಕೊಂಡು, ಊರಿನ ಹೆಂಗಸರ ಜೊತೆ ಸಾಲಿನ ಮೂಟೆಗಳನ್ನು ಎತ್ತಿ ಕೊಡುತ್ತಿದ್ದಳು. ತಲೆ, ಹುಬ್ಬು, ಮೂಗುತಿಯೆಲ್ಲ ಹಿಟ್ಟು. ಮಧ್ಯಾಹ್ನ ಪಳನಿಯಮ್ಮ ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿ, ಅವರೆಕಾಳಿನ ಸಾರು ಬಡಿಸಿದರು. ನಮಗಿಂತ ಮೊದಲು ಅತ್ತೆಯೇ ಊಟಕ್ಕೆ ಕೂರಬೇಕು ಎಂದು ಮಣಿ ಹಟ ಹಿಡಿದ. ಅವರು ಎರಡು ಮುದ್ದೆ ಉಂಡರು.

ವಾಪಸು ಬಸ್ಸಿನಲ್ಲಿ ಹನೂರಿನವರೆಗೂ ಮಾದೇವಿ ಕೂದಲಿನ ಹಿಟ್ಟು ಕೊಡವಿಕೊಳ್ಳುತ್ತಿದ್ದಳು. ಕೊಳ್ಳೇಗಾಲ ಹತ್ತಿರವಾದಾಗ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ನಾಳೀಕೆ ಅಣ್ಣಂಗೆ ಫೋನ್ ಮಾಡ್ತೀನಿ. ಆ ಗೇಟ್ ಕೆಲ್ಸುಕ್ಕೆ ಬ್ಯಾರೆಯವ್ರ್ನ ನೋಡ್ಕಳ್ಳಿ.” ಒಂದೂವರೆ ವರ್ಷ ಅವಳು ಆ ಕೆಲಸವನ್ನು ಅಣ್ಣನ ಹತ್ತಿರ ಹಿಡಿದಿಡಿಸಿದ್ದಳು ಎಂಬುದು ನನಗೆ ಗೊತ್ತಾಗಿದ್ದೇ ಆಗ.

ಉಳಿದ ತಿಂಗಳುಗಳು ಬೇಗ ಓಡಿದವು. ಬೇಸಿಗೆಯ ಸೆಕೆಯಲ್ಲಿ ಓದಿ, ಮಳೆ ಹಿಡಿಯುವ ಹೊತ್ತಿಗೆ ಪರೀಕ್ಷೆ ಬರೆದೆವು. ನನಗೆ ಲೆಕ್ಕದಲ್ಲಿ ಬಂದ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ಪಾಸಾದೆ. ಪ್ರಾಕ್ಟಿಕಲ್ಲಿನಲ್ಲಿ ಬಿಂದು ಮೊದಲನೆಯವಳು, ನಾನು ಎರಡನೆಯವನು. ಮುಂದಿನ ವರ್ಷ ಅವಳು ಲೈನಿನ ಕೆಲಸಕ್ಕೆ ಆಯ್ಕೆಯಾದಳು. ಕಂಬ ಹತ್ತುವ ಪರೀಕ್ಷೆಯ ದಿನ ಕೆಳಗೆ ಅವರಮ್ಮನ ಪಕ್ಕದಲ್ಲಿ ನಾನೂ ನಿಂತಿದ್ದೆ. ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು, ಅವಳೊಬ್ಬಳೇ ಆರಾಮಾಗಿದ್ದಳು. ಮಣಿ ಹನೂರಿನಲ್ಲಿ ಮನೆ ವೈರಿಂಗ್ ಹಿಡಿದಿದ್ದಾನೆ. ಈಗಲೂ ಎರಡು ಭಾಷೆಯನ್ನು ಒಂದೇ ಉಸಿರಿಗೆ ಆಡುತ್ತಾನೆ.

ನಾನು ಪಾಸಾದ ವರ್ಷದ ಆಗಸ್ಟಿನಲ್ಲೇ ಕೊಳ್ಳೇಗಾಲದಲ್ಲಿ ಒಂದು ಸಣ್ಣ ಮಳಿಗೆ ಹಿಡಿದೆ. ಎದುರಿನ ಬೀದಿಯಲ್ಲಿ ಮಗ್ಗಗಳ ಸದ್ದು, ಪಕ್ಕದಲ್ಲಿ ಗೊಬ್ಬರದಂಗಡಿ. ಬೋರ್ಡು ಬರೆಯಲು ಒಬ್ಬ ಪೇಂಟರನ್ನು ಕರೆಸಿದೆ. ಅವನು ಏಣಿಯ ಮೇಲೆ ಕೂತು ಏನು ಬರೆಯಲಿ ಎಂದ. ನಾನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ: ಮಾಜಿ ಸೈನಿಕ, ನಿವೃತ್ತ ಹವಾಲ್ದಾರ್ ಸಿದ್ದರಾಜು, ಎಲೆಕ್ಟ್ರಿಷಿಯನ್. ಅವನು ಸೀಮೆಸುಣ್ಣದ ಕಡ್ಡಿಯಿಂದ ಅಕ್ಷರಗಳ ಗುರುತು ಹಾಕಿ, ಇಷ್ಟೆಲ್ಲ ಹಿಡಿಯಬೇಕಾದರೆ ಕೊನೆಯದನ್ನು ಚಿಕ್ಕದಾಗಿ ಬರೆಯಬೇಕಾಗುತ್ತದೆ ಎಂದ. ಆಗಲಿ ಎಂದು ನಾನು ಹೇಳುವುದರಲ್ಲಿದ್ದೆ. ಒಳಗೆ ನೆಲ ಗುಡಿಸುತ್ತಿದ್ದ ಮಾದೇವಿ ಪೊರಕೆ ಹಿಡಿದೇ ಹೊರಗೆ ಬಂದು, ಬೋರ್ಡನ್ನು ಒಮ್ಮೆ ನೋಡಿದಳು.

“ಅವೆಲ್ಲ ಯಾಕ್ರೀ, ಊರ್ಗೆಲ್ಲ ಗೊತ್ತಿರದೇ. ನೀವೀಗ ಏನಾಗಿದ್ದೀರೋ ಅದ್ನ ದಪ್ಪುಕ್ಕೆ ಬರುಸಿ”

ಎಂದವಳು, ಪೇಂಟರ್ ಒರೆಸುವವರೆಗೂ ಅಲ್ಲೇ ನಿಂತಿದ್ದಳು. ಅವನು ಒದ್ದೆ ಬಟ್ಟೆಯಿಂದ ಹಲಗೆಯನ್ನು ಪೂರ್ತಿ ಒರೆಸಿದ. ಹೆಸರು, ಕಸುಬು ಬರೀ ಎರಡು ಪದ ಉಳಿದದ್ದರಿಂದ ಅಕ್ಷರಗಳಿಗೆ ಬೇಕಾದಷ್ಟು ಜಾಗ ಸಿಕ್ಕಿತು.